ಮೂರು ಗಂಟೆ ದಾಟಿದ ಮೇಲೆ

"ಇನ್ನೊಂದು ಸಲ ಓದ್ತೀರಾ?" ಗಾಜಿನ ಆಚೆಯಿಂದ ಅವನು ಕೇಳಿದ.

ಅಷ್ಟರಲ್ಲಿ ಮೂರು ಸಲ ಓದಿ ನನ್ನ ಗಂಟಲು ಒಣಗಿತ್ತು, ಸಿಟ್ಟು ನೆತ್ತಿಗೇರಿತ್ತು. ಆದರೆ ಆಚೆ ಕೂತಿದ್ದವನು ನಗರಾಧ್ಯಕ್ಷ ದೌಲತರಾವ್ ಜಗದಾಳೆಯವರ, ಅಂದರೆ ಊರೆಲ್ಲ ಕರೆಯುವ ಆಬಾ ಅವರ, ಒಬ್ಬನೇ ಮಗ ತುಷಾರ. ನಮ್ಮ ಕಾಸಾರವಾಡದಲ್ಲಿ ಆ ಮನೆಯವರ ಮೇಲೆ ಸಿಟ್ಟು ಬಂದರೆ ನೀರು ಕುಡಿದು ಸುಮ್ಮನಾಗುವುದು ರೂಢಿ. ನಾನೂ ನೀರು ಕುಡಿದೆ, ಹೆಡ್‌ಫೋನ್ ಸರಿಮಾಡಿಕೊಂಡೆ.

"ಒಂದು ಕಾಲದಲ್ಲಿ ಈ ಊರಲ್ಲಿ ಕತ್ತಲಾದರೆ ಅಂಗಡಿ ಶಟರ್ ಬೀಳುತ್ತಿತ್ತು. ಇವತ್ತು? ರಸ್ತೆಗೆ ಕಾಂಕ್ರೀಟ್, ನಲ್ಲಿಗೆ ನೀರು, ಚೌಕಕ್ಕೆ ಕ್ಯಾಮೆರಾ! ಭಯಮುಕ್ತ ಕಾಸಾರವಾಡ, ಆಬಾ ಜಗದಾಳೆ ಅವರ ಕೊಡುಗೆ! ಮರೆಯಬೇಡಿ ಬಂಧುಗಳೇ, ಮಧುಕರ ಲೋಂಢೆಯ ರಕ್ತ ಯಾರ ಕೈಗೆ ಅಂಟಿದೆ? ಗುರವರ ಕೈಗೆ!"

ಬೆಳಿಗ್ಗೆ ಇದೇ ಮೈಕಿನ ಮುಂದೆ ಕೂತು ಎದುರು ಪಕ್ಷದ ಶೈಲಾತಾಯಿ ಗುರವ ಅವರಿಗೂ ಓದಿದ್ದೆ. "ಅಧ್ಯಕ್ಷರೇ, ನಿಮ್ಮ ಆಡಳಿತದಲ್ಲಿ ಎಷ್ಟು ಹೆಣ ಬಿತ್ತು, ಲೆಕ್ಕ ಕೊಡಿ! ಮಧುಕರ ಲೋಂಢೆಯ ರಕ್ತ ಯಾರ ಕೈಗೆ ಅಂಟಿದೆ? ಜಗದಾಳೆಯ ಕೈಗೆ!" ಊರಿಗೆಲ್ಲ ಇರುವುದು ನನ್ನ ಸೋದರಮಾವ ಬಂಡೂಮಾಮಾನ ಒಂದೇ ರೆಕಾರ್ಡಿಂಗ್ ಸ್ಟುಡಿಯೋ, ಒಳಗಿರುವ ಧ್ವನಿಯೂ ಒಂದೇ. ಪ್ರಚಾರದ ರಿಕ್ಷಾಗಳು ಎದುರುಬದುರಾದರೆ ನಡುಬೀದಿಯಲ್ಲಿ ನನ್ನ ಜೊತೆ ನಾನೇ ಜಗಳವಾಡುತ್ತೇನೆ. "ಕೇತಕಿ, ಕೊನೆಗೆ ಗೆದ್ದೋಳು ಯಾರೇ, ನೀನಾ ನೀನಾ?" ಅಂತ ತರಕಾರಿಯವಳು ನಗುತ್ತಾಳೆ.

ಓದಿ ಮುಗಿಸಿದೆ. ತುಷಾರ ಎದ್ದು ಬಾಗಿಲು ತೆರೆದು ಬೂತ್‌ನೊಳಗೆ ತಲೆ ಹಾಕಿದ.

"ಆ ಕೊನೇ ಸಾಲಿಗೆ ಮುಂಚೆ ನೀವು ಉಗುಳು ನುಂಗ್ತೀರಿ."

"ತಪ್ಪಾಯ್ತು. ಮತ್ತೆ ಓದ್ತೀನಿ."

"ಬೇಡ ಬೇಡ. ಮೊದಲನೇ ಸಲ ಕೆಮ್ಮು ಅಂದ್ಕೊಂಡೆ. ಪ್ರತಿ ಸಲ ಅಲ್ಲೇ ನುಂಗ್ತೀರಲ್ಲ, ಅದಕ್ಕೇ ಓದಿಸ್ತಾ ಹೋದೆ." ಹಾಳೆಯಲ್ಲಿ ಮಧುಕರ ಲೋಂಢೆ ಎಂಬ ಹೆಸರಿನ ಮೇಲೆ ಬೆರಳಿಟ್ಟ. "ಅವರು ನಿಮಗೇನಾಗ್ಬೇಕು?"

"ಅಪ್ಪ."

ಅವನ ಮುಖ ಬಿಳಿಚಿಕೊಂಡಿತು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಜೇಬಿನ ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದ. ಅದೂ ಸಾಲದೆಂಬಂತೆ ಆ ತುಂಡನ್ನೇ ಹರಿದು ಜೇಬಿಗೆ ಹಾಕಿಕೊಂಡ. "ಇದನ್ನ ನಿಮ್ಮ ಕೈಲಿ ಓದಿಸಿದ್ವಲ್ಲ, ನಮಗೆ ನಾಚಿಕೆ ಆಗ್ಬೇಕು," ಅಂದ.

ನಮ್ಮಪ್ಪ ಹಳೇ ಬಸ್‌ಸ್ಟ್ಯಾಂಡ್ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಾರ್ಕೆಟ್ ಜಾಗವನ್ನು ಬಿಲ್ಡರ್‌ಗೆ ಕೊಡಬಾರದು ಅಂತ ಬಾಯಿಬಿಟ್ಟದ್ದು ಅವರ ತಪ್ಪು. ಹೋದ ಚುನಾವಣೆಯ ಹೊತ್ತಿನಲ್ಲಿ, ಗುರವರ ಕೈಯಿಂದ ಅಧಿಕಾರ ಜಗದಾಳೆಯವರ ಕೈಗೆ ಹೋಗುತ್ತಿದ್ದ ದಿನಗಳಲ್ಲಿ, ತುಂಬಿದ ಸಂತೆಯಲ್ಲಿ ಯಾರೋ ಅವರನ್ನು ಕಬ್ಬು ಕಡಿಯುವ ಕೊಯ್ತಾದಿಂದ ಕಡಿದರು. ಇಡೀ ಮಾರ್ಕೆಟ್ ನೋಡಿತು. ಪೊಲೀಸರು ಕೇಳಿದಾಗ ಯಾರೂ ನೋಡಿರಲಿಲ್ಲ. ಅಲ್ಲಿಂದ ಅಪ್ಪ ಎರಡೂ ಪಕ್ಷದವರ ಭಾಷಣದಲ್ಲಿ ಬರುತ್ತಾರೆ, ಎದುರಿನವರ ಲೆಕ್ಕಕ್ಕೆ ಸೇರಿಸಲು. ಓದುವವಳು ನಾನು. ಯಾಕೆ ಓದಿದೆ ಅಂತ ಕೇಳಬೇಡಿ. ಓದಲಾರೆ ಅನ್ನುವುದಕ್ಕೆ ಭಯವಾಗುತ್ತಿತ್ತು, ಅಷ್ಟೇ.

ಸಂಜೆ ಅಮ್ಮನಿಗೆ, ನಮ್ಮ ಆಯಿಗೆ, ಈ ವಿಷಯ ಹೇಳಿದೆ. ಅವಳು ಭಾಕರಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ಸಾಲು ಹೊಡೆದದ್ದು ಕನಿಕರಕ್ಕೋ, ಕಳ್ಳ ಮನಸ್ಸಿಗೋ?"

ಬಿಳಿಚಿದ ಅವನ ಮುಖ ನನ್ನ ಕಣ್ಣಮುಂದೆ ಬಂತು.

ಆಮೇಲೆ ಅವನು ಬರತೊಡಗಿದ. ಒಂದು ದಿನ, "ಹಿಂದಿನ ಮ್ಯೂಸಿಕ್ ಜೋರಾಯ್ತು." ಎರಡು ದಿನ ಬಿಟ್ಟು, "ಮ್ಯೂಸಿಕ್ ಸಣ್ಣಗಾಯ್ತು." ಬಂಡೂಮಾಮಾ ಕುರ್ಚಿಯಲ್ಲಿ ಕೂತು ಪಿಳಿಪಿಳಿ ನೋಡುತ್ತಿದ್ದ. ನಮ್ಮ ಮಾಮಾ ನೆರಳು ಕಂಡರೂ ನಮಸ್ಕಾರ ಹಾಕುವ ಜೀವ. "ಸಾಹೇಬ್ರೇ, ಮ್ಯೂಸಿಕ್ಕೇ ತೆಗೆದುಬಿಡ್ಲಾ?" ಅಂದ ಪಾಪ. ತುಷಾರ ನನ್ನನ್ನು ನೋಡಿ, "ತೆಗೀರಿ, ಬರೀ ಧ್ವನಿ ಸಾಕು," ಅಂದ. ನಾನು ಹಾಳೆಯ ಹಿಂದೆ ಮುಖ ಮರೆಸಿಕೊಂಡೆ. ಹಾಳೆ ಸಣ್ಣದು, ನಗು ಆಚೆ ಕಾಣುತ್ತಿತ್ತು.

ನಾವು ಊರಲ್ಲಿ ಮಾತಾಡುವ ಹಾಗಿರಲಿಲ್ಲ. ನನ್ನ ಮುಖ ಗೊತ್ತಿಲ್ಲದವರಿಗೂ ಧ್ವನಿ ಗೊತ್ತು. ಚಹಾ ಕೇಳಿದರೆ ಸಾಕು, ಹೋಟೆಲಿನಲ್ಲಿ ಹತ್ತು ತಲೆ ತಿರುಗುತ್ತವೆ. ಅದಕ್ಕೇ ಸಾಂಗ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಮುಂದಿನ ಸೀಟು, ಅವನು ಹಿಂದೆಲ್ಲೋ, ಇಬ್ಬರ ಕಿವಿಯಲ್ಲೂ ಫೋನು. ನಾನು ಪಿಸುಮಾತಿನಲ್ಲೇ ಮಾತಾಡುತ್ತಿದ್ದೆ.

"ಇಡೀ ಊರಿಗೆ ಕೂಗಿ ಹೇಳ್ತೀಯಾ, ನನಗೆ ಮಾತ್ರ ಪಿಸುಪಿಸು ಅಂತೀಯಾ," ಅಂತ ಅವನ ಗೊಣಗು.

"ಕೂಗಿ ಹೇಳಿದ್ದೆಲ್ಲ ಸುಳ್ಳು ಕಣೋ."

"ಹಾಗಾದ್ರೆ ನಿಜ ಹೇಳು. ನನ್ನ ಕಂಡ್ರೆ ಇಷ್ಟ ಇದೆಯಾ ಇಲ್ವಾ?"

"ಟಿಕೆಟ್ ತಗೊಂಡ್ಯಾ? ಕಂಡಕ್ಟರ್ ಬಂದ ನೋಡು."

ಒಮ್ಮೆ ಹಾಗೆ ನಗುತ್ತಾ ಕಿಟಕಿಯಾಚೆ ನೋಡಿದರೆ ಬಸ್ಸಿನ ಪಕ್ಕದಲ್ಲೇ ಕಪ್ಪು ಮೋಟರ್‌ಸೈಕಲ್. ಮೇಲೆ ಕೂತಿದ್ದವನು ಗಜ್ಯಾ. ಆಬಾ ಜಗದಾಳೆಯವರ ಬಲಗೈ, ಊರಿಗೆಲ್ಲ ಯಮ. ಅವನು ನನ್ನನ್ನೇ ನೋಡುತ್ತಾ, ಬಸ್ಸಿನ ಸಮಕ್ಕೆ ಗಾಡಿ ಓಡಿಸುತ್ತಾ, ಮುಗುಳ್ನಕ್ಕ. ನನ್ನ ಕೈಯಿಂದ ಫೋನು ಜಾರಿ ಕಾಲಬುಡಕ್ಕೆ ಬಿತ್ತು. ಆ ರಾತ್ರಿಯಿಂದ ಮನೆಯ ಚಿಲಕವನ್ನು ಹಾಕಿದ ಮೇಲೂ ಎದ್ದೆದ್ದು ಹೋಗಿ ಮುಟ್ಟಿ ನೋಡುವ ಚಾಳಿ ಅಂಟಿಕೊಂಡಿತು.

ಅಷ್ಟರಲ್ಲಿ ಮುಂಬೈಯಲ್ಲಿ ಚೀಟಿ ಎತ್ತಿದರು. ಈ ಸಲ ಕಾಸಾರವಾಡದ ನಗರಾಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು.

ನಮ್ಮ ಕಡೆ ಹೀಗಾದಾಗ ಊರಿಗೆ ಮದುವೆಯ ಗಾಳಿ ಬೀಸುತ್ತದೆ. ಹೆಂಡತಿ ಇದ್ದವನು ಹೆಂಡತಿಯನ್ನು ನಿಲ್ಲಿಸುತ್ತಾನೆ, ಇಲ್ಲದವನು ಓಡಿಹೋಗಿ ಒಬ್ಬಳನ್ನು ತರುತ್ತಾನೆ. ಬೋರ್ಡು ಅವಳದು, ಕುರ್ಚಿ ಅವನದು. ಶೈಲಾತಾಯಿಗೆ ಹಬ್ಬ. ಆಬಾ ಜಗದಾಳೆಯವರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಹೆಣ್ಣುಮಕ್ಕಳಿಲ್ಲ, ಸೊಸೆ ಇಲ್ಲ. "ಪಾಪ ಆಬಾ, ಈಗ ತಾವೇ ಸೀರೆ ಉಡ್ಬೇಕಷ್ಟೇ," ಅಂತ ಕ್ಷೌರದಂಗಡಿಯಲ್ಲಿ ಯಾರೋ ಅಂದರಂತೆ. ಅಂದವನು ಆಮೇಲೆ ಊರಲ್ಲಿ ಕಾಣಲಿಲ್ಲ.

ಒಂದು ಭಾನುವಾರ ನಮ್ಮ ಮನೆ ಮುಂದೆ ನಾಲ್ಕು ಬಿಳಿ ಕಾರು ನಿಂತವು. ಆಬಾ ಜಗದಾಳೆ ಚಪ್ಪಲಿ ಬಿಟ್ಟು ಒಳಗೆ ಬಂದು, ನಮ್ಮ ಹರಕು ಸೋಫಾದ ಮೇಲೆ ಕೂತರು. ಗಜ್ಯಾ ಬಾಗಿಲಲ್ಲೇ ನಿಂತ. ತುಷಾರ ಬಂದಿರಲಿಲ್ಲ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಅವಲಕ್ಕಿ ಆಗಲೇಬೇಕು. ಆಯಿ ಕಾಂದಾ ಪೋಹೆ ಮಾಡಿದಳು, ಉಪ್ಪು ಎರಡು ಸಲ ಬಿದ್ದಿತ್ತು. ಆಬಾ ಪೂರ್ತಿ ತಿಂದರು.

"ಹುಡುಗ ಇಷ್ಟಪಟ್ಟಿದ್ದಾನೆ," ಅಂದರು ಬಾಯಿ ಒರೆಸಿಕೊಳ್ಳುತ್ತಾ. "ನಾವು ಜಾತಿ-ಗೀತಿ ನೋಡೋರಲ್ಲ. ಮಧುಕರನ ಮಗಳು ಅಂದ್ರೆ ನಮ್ಮ ಮಗಳಿದ್ದ ಹಾಗೆ. ಚುನಾವಣೆಗೆ ಅರ್ಜಿ ಹಾಕೋ ಕೊನೇ ದಿನ ಬೆಳಿಗ್ಗೆ ಮುಹೂರ್ತ ಚೆನ್ನಾಗಿದೆ. ಮದುವೆ ಮುಗಿಸಿ ಹಾಗೇ ಮೆರವಣಿಗೇಲಿ ಹೋಗಿ ಅರ್ಜಿ ಹಾಕಿಬಿಡೋಣ. ಏನಂತೀಯಾ ಬಂಡೂ?"

ಬಂಡೂಮಾಮಾ ಏನನ್ನುತ್ತಾನೆ? ಕೈಮುಗಿದ.

ಆಗ ನನಗೆ ಪೂರ್ತಿ ಅರ್ಥವಾಯಿತು. ನಾನು ಆ ಮನೆಯ ಸೊಸೆಯಾದರೆ ಶೈಲಾತಾಯಿಯ ಬಾಯಿ ಕಟ್ಟಿದಂತೆ. ಮಧುಕರ ಲೋಂಢೆಯ ಮಗಳೇ ಜಗದಾಳೆಯವರಿಗೆ ಓಟು ಕೇಳುತ್ತಾ ಬಂದರೆ, ಕೊಂದವರು ಜಗದಾಳೆಯವರು ಅಂತ ಯಾರು ನಂಬುತ್ತಾರೆ? ಒಂದು ಅರಿಶಿನ ಕೊಂಬಿನಲ್ಲಿ ಅಪ್ಪನ ರಕ್ತ ತೊಳೆದುಹೋಗುತ್ತದೆ.

ಹೋಗುವ ಮುಂಚೆ ಗಜ್ಯಾ ಒಂದು ಸುರುಳಿ ಬಿಚ್ಚಿ ಗೋಡೆಗೆ ಹಿಡಿದ. ಫ್ಲೆಕ್ಸ್. ಅದರಲ್ಲಿ ನಾನಿದ್ದೆ. ಯಾರದೋ ಪೈಠಣಿ ಸೀರೆ ನನ್ನ ಮೈಮೇಲೆ, ಹಣೆಗೆ ದೊಡ್ಡ ಕುಂಕುಮ, ಯಾರದೋ ಕೈಗಳು ನನ್ನ ಪರವಾಗಿ ಮುಗಿದಿದ್ದವು. ಕೆಳಗೆ "ಸೌ. ಕೇತಕಿ ತುಷಾರ ಜಗದಾಳೆ." ಮುಖ ಮಾತ್ರ ನನ್ನದೇ. ಬೂತ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಕ್ಕಿದ್ದಾಗ ತುಷಾರ ತೆಗೆದಿದ್ದ ಫೋಟೋ. ಹೆಡ್‌ಫೋನ್ ಅಳಿಸಿ ತಲೆ ಮೇಲೆ ಸೆರಗು ಹೊದಿಸಿದ್ದರು.

ಆ ಫೋಟೋ ಲೋಕದಲ್ಲಿ ಅವನೊಬ್ಬನ ಬಳಿ ಇತ್ತು.

ಅವತ್ತು ನಾನು ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಧೈರ್ಯ ಬೇಕು. ಮ್ಯೂಸಿಕ್ ಜೋರು ಅಂದದ್ದು, ಬಸ್ಸಿನಲ್ಲಿ ಹಿಂದೆ ಕೂತದ್ದು, ಆ ಸಾಲು ಹರಿದು ಜೇಬಿಗೆ ಹಾಕಿಕೊಂಡದ್ದು, ಎಲ್ಲಾ ಇದಕ್ಕೇನಾ? ಅವನಿಗೆ ಬೇಕಾಗಿದ್ದು ನಾನಾ, ಅಭ್ಯರ್ಥಿಯಾ? ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್.

ಮದುವೆಯ ದಿನ ಬಂತು. ಜಗದಾಳೆಯವರ ವಾಡೆಯ ಅಂಗಳದಲ್ಲಿ ಚಪ್ಪರ. ಅರ್ಧ ಜನ ಅಕ್ಷತೆಗೆ ಬಂದಿದ್ದರು, ಇನ್ನರ್ಧ ಪಕ್ಷದ ಶಾಲು ಹಾಕಿಕೊಂಡು ಮೆರವಣಿಗೆಗೆ ಬಂದಿದ್ದರು. ಹಸಿರು ನವ್ವಾರಿ ಸೀರೆ ಉಡಿಸಿ, ಹಣೆಗೆ ಮುತ್ತಿನ ಮುಂಡಾವಳಿ ಕಟ್ಟಿ ನನ್ನನ್ನು ಮಣೆ ಮೇಲೆ ಕೂರಿಸಿದರು. ಎದುರಿನ ಮಣೆ ಖಾಲಿ.

ಮುಹೂರ್ತ ಕಳೆಯಿತು. ಬ್ಯಾಂಡಿನವರು ಹಾಡಿದ್ದನ್ನೇ ಹಾಡಿ ಬೇಸತ್ತು ಸುಮ್ಮನಾದರು. ಗಜ್ಯಾ ಮೂರನೇ ಬಾರಿ ಹೋಗಿಬಂದು ಆಬಾರ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ಎಲ್ಲೂ ಇಲ್ಲ ಆಬಾ. ಫಾರ್ಮ್‌ಹೌಸ್, ಗೆಳೆಯರ ರೂಮು, ಸ್ಟ್ಯಾಂಡು, ಎಲ್ಲಾ ಜಾಲಾಡ್ದೆ."

ಅಷ್ಟು ಹೊತ್ತು ಅವನು ಬಂದುಬಿಟ್ಟಾನೋ ಎಂಬ ಭಯದಲ್ಲಿ ಕೂತಿದ್ದೆ. ಈಗ ಅವನಿಗೆ ಏನಾದರೂ ಆಗಿದೆಯೋ ಎಂಬ ಭಯ ಶುರುವಾಯಿತು. ಶೈಲಾತಾಯಿಯ ಕಡೆಯೂ ಹುಡುಗರಿದ್ದಾರೆ, ಅವರ ಕೈಲೂ ಕೊಯ್ತಾ ಇದೆ. ಮೋಸಗಾರ ಅಂತ ರಾತ್ರಿಯೆಲ್ಲ ಬೈದವನ ಜೀವ ಉಳಿಸು ಅಂತ ಖಂಡೋಬನಿಗೆ ಹರಕೆ ಹೊತ್ತೆ. ಪ್ರೀತಿ ಅಂದರೆ ಇಷ್ಟು ನಾಚಿಕೆಗೆಟ್ಟದ್ದು ಅಂತ ನನಗೆ ಗೊತ್ತಿರಲಿಲ್ಲ.

ಎರಡು ಗಂಟೆ ದಾಟಿತು. ಮೂರಕ್ಕೆ ಅರ್ಜಿಯ ಗಡುವು. ಆಬಾ ನನ್ನ ಮುಂದೆ ಬಗ್ಗಿ, ಬೆಣ್ಣೆಯಂಥ ಧ್ವನಿಯಲ್ಲಿ ಮಾತಾಡಿದರು.

"ಮಗಳೇ, ಸಂಜೆ ಇನ್ನೊಂದು ಮುಹೂರ್ತ ಇದೆ. ಮದುವೆ ಕಾಯುತ್ತೆ, ಚುನಾವಣಾಧಿಕಾರಿ ಕಾಯಲ್ಲ. ಇಲ್ಲಿ ಸಹಿ ಹಾಕು, ಕಾರ್ ಹತ್ತು."

"ಯಾವ ಹೆಸರಲ್ಲಿ ಆಬಾ?"

"ಇದೇನು ಪ್ರಶ್ನೆ? ನಿನ್ನ ಹೆಸರಲ್ಲಿ."

ನಮ್ಮಲ್ಲಿ ಹೆಣ್ಣಿನ ಹೆಸರಿನ ನಡುವೆ ಒಬ್ಬ ಗಂಡಸು ಕೂತಿರುತ್ತಾನೆ. ಮದುವೆಯವರೆಗೆ ಅಪ್ಪ, ಆಮೇಲೆ ಗಂಡ. ನನ್ನದಿನ್ನೂ ಬದಲಾಗಿರಲಿಲ್ಲ.

"ಕೇತಕಿ ಮಧುಕರ ಲೋಂಢೆ ಅಂತ ಹಾಕ್ಬೇಕು," ಅಂದೆ. ಧ್ವನಿ ನೂಲಿನಷ್ಟು ಸಣ್ಣಗಾಗಿತ್ತು. ಆದರೂ ಅದು ಎಲ್ಲರಿಗೂ ಗೊತ್ತಿರುವ ಧ್ವನಿ. ಇಡೀ ಚಪ್ಪರ ಕಿವಿಗೊಟ್ಟಿತು. "ಹಾಕ್ತೀನಿ ಆಬಾ. ಮೊದಲು ನೀವು ಒಂದೇ ಒಂದು ಮಾತು ಹೇಳಿ. ನಮ್ಮಪ್ಪನ್ನ ಕಡಿದೋರು ನಿಮ್ಮ ಹುಡುಗರಲ್ಲ ಅನ್ನಿ. ಅಷ್ಟೇ ಸಾಕು."

ದಿನ ಬೆಳಗಾದರೆ ಹತ್ತು ಸುಳ್ಳು ಹೇಳುವ ಮನುಷ್ಯ. ಬಾರದ ನೀರು ಬಂತು ಅಂದವರು, ಇಲ್ಲದ ಆಸ್ಪತ್ರೆಗೆ ಟೇಪು ಕತ್ತರಿಸಿದವರು. "ಅಲ್ಲ" ಅನ್ನಲು ಎಷ್ಟು ಹೊತ್ತು? ಆಬಾ ನನ್ನನ್ನು ನೋಡಿದರು. ಆಮೇಲೆ ಗಜ್ಯಾನನ್ನು ನೋಡಿದರು. ಗಜ್ಯಾ ತನ್ನ ಚಪ್ಪಲಿ ನೋಡಿಕೊಂಡ.

"ಟೈಮ್ ಎಷ್ಟಾಯ್ತು?" ಅಂದರು ಆಬಾ.

ಯಾರೋ ಹೇಳಿದರು. ಆಬಾ ನೆಟ್ಟಗೆ ನಿಂತು ಪಂಕ್ತಿಯ ಕಡೆ ತಿರುಗಿದರು. ಅಲ್ಲಿ ಮಹಿಳಾ ಘಟಕದ ಮಂದಾತಾಯಿ ಜಿಲೇಬಿ ಬಡಿಸುತ್ತಿದ್ದಳು. ಪಾಕ ಅಂಟಿದ ಕೈ ತೊಳೆಯಲೂ ಬಿಡದೆ ಅವಳನ್ನು ಎಳೆದು ಕಾರಿಗೆ ಹತ್ತಿಸಿದರು. ಅರ್ಜಿಯ ಹಾಳೆ ಹಾಕಿದ ಚೀಲ, ಶಾಲಿನವರು, ಬ್ಯಾಂಡಿನವರು, ಎಲ್ಲಾ ಹಿಂದೆಯೇ ಓಡಿದರು. ಕೊನೆಗೆ ಹೊರಟ ಗಜ್ಯಾ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದ.

"ಮಾತು ಚೆನ್ನಾಗಿ ಬರುತ್ತೆ ನಿನಗೆ. ನಿಮ್ಮಪ್ಪನಿಗೂ ಬರ್ತಿತ್ತು. ಈ ಕೆಲಸ ಒಂದು ಮುಗೀಲಿ, ಬರ್ತೀನಿ."

ಬಂಡೂಮಾಮಾ ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಬೆಳಿಗ್ಗೆಯಿಂದ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಭಯಕ್ಕೆ ಅಂದುಕೊಂಡಿದ್ದೆ.

"ಏಳು. ಸ್ಟುಡಿಯೋಗೆ ಹೋಗೋಣ."

"ಈಗ ಸ್ಟುಡಿಯೋನಾ? ಮಾಮಾ, ತಲೆ ಕೆಟ್ಟಿದೆಯಾ?"

"ಹೌದು ಕೆಟ್ಟಿದೆ. ಬಾಯಿ ಮುಚ್ಕೊಂಡು ಬಾ."

ಮಾಮಾ ಜೀವಮಾನದಲ್ಲಿ ಯಾರಿಗೂ ಬಾಯಿ ಮುಚ್ಚು ಅಂದವನಲ್ಲ. ಆಯಿ, ನಾನು ಅವನ ಟೆಂಪೋ ಹತ್ತಿದೆವು. ಸ್ಟುಡಿಯೋದ ಹಿಂದಿನ ಓಣಿಯಲ್ಲಿ ಗಾಡಿ ನಿಲ್ಲಿಸಿ ಮಾಮಾ ಬೀಗ ತೆರೆದ, ಒಳಗಿನ ಬೂತ್‌ನ ಬಾಗಿಲೂ ತೆರೆದ.

ತುಷಾರ ಅಲ್ಲಿದ್ದ. ಹಿಂದಿನ ದಿನದ ಶಾಸ್ತ್ರಕ್ಕೆ ತೊಡಿಸಿದ್ದ ಜರಿ ಅಂಗಿ ಮುದುಡಿ ಮುದ್ದೆಯಾಗಿತ್ತು, ಕಣ್ಣು ಕೆಂಪಗಿದ್ದವು. ನಿನ್ನೆ ಸಂಜೆಯಿಂದ ಅಲ್ಲೇ ಕೂತಿದ್ದನಂತೆ. ಕೂಗಿದರೂ ಹೊರಗೆ ಕೇಳದ ಆ ಗೂಡಿನಲ್ಲಿ ಅವನನ್ನು ಬಚ್ಚಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಗಿನಿಂದ ಜಗದಾಳೆಯವರ ಚಪ್ಪರದಲ್ಲೇ ತಿರುಗಾಡುತ್ತಿದ್ದ ನಮ್ಮ ಪುಕ್ಕಲು ಮಾಮಾ!

ಬದುಕಿದ್ದಾನೆ ಅಂತ ಗೊತ್ತಾದ ಕೂಡಲೇ ನನ್ನ ಸಿಟ್ಟಿಗೆ ಜೀವ ಬಂತು. "ಎಷ್ಟಕ್ಕೆ ಮಾರಿದ್ಯೋ ನನ್ನ ಫೋಟೋನ? ಹೇಳು!"

ಅವನು ಗೋಡೆಯ ಗಡಿಯಾರ ತೋರಿಸಿದ. ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

"ಮೂರಾಗೋವರೆಗೆ ನಾನೇನು ಹೇಳಿದ್ರೂ ನೀನು ನಂಬಬಾರ್ದು ಕೇತಕಿ. ಅದಕ್ಕೇ ಈಗ ಏನೂ ಹೇಳಲ್ಲ."

ಹೇಳಲೂ ಇಲ್ಲ. ನಾನು ಬೈದೆ, ಅವನು ಬಾಯಿ ಬಿಡಲಿಲ್ಲ. ಗಜ್ಯಾ ಬರ್ತಾನೆ ಅಂದೆ, ತಲೆಯಾಡಿಸಿದ. ನಾನು ಅತ್ತುಬಿಟ್ಟೆ. ಅವನ ಕೈ ನನ್ನ ಕಡೆ ಬಂದು ಅರ್ಧದಲ್ಲೇ ನಿಂತು ಹಿಂದೆ ಹೋಯಿತು. ಆ ಸಣ್ಣ ಕೋಣೆಯಲ್ಲಿ ನನ್ನ ಮುಂಡಾವಳಿಯ ಮುತ್ತುಗಳ ಸದ್ದು, ಇಬ್ಬರ ಉಸಿರು. ಅವನು ನನ್ನನ್ನು ನೋಡುತ್ತಿದ್ದ ರೀತಿಗೆ ಏನು ಹೇಳಲಿ? ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ, ಕಣ್ಣು ನನ್ನ ಮೇಲೆ, ಮತ್ತೆ ಮುಳ್ಳಿನ ಮೇಲೆ.

ಮುಳ್ಳು ಮೂರು ದಾಟಿತು.

"ಮುಗೀತು," ಅಂದ, ಎಷ್ಟೋ ಹೊತ್ತು ತಡೆದಿದ್ದ ಉಸಿರು ಬಿಟ್ಟು. "ಈಗ ನಿನ್ನಿಂದ ನಮ್ಮ ಮನೆಗೆ ಒಂದು ಓಟಿನ ಲಾಭವೂ ಇಲ್ಲ. ಈಗ ಕೇಳ್ತೀನಿ. ಫೋಟೋ ನಾನು ಕೊಡ್ಲಿಲ್ಲ. ನಮ್ಮನೇಲಿ ನನ್ನ ಫೋನು ಆಬಾನ ಕೈಲೂ ಇರುತ್ತೆ, ಗಜ್ಯಾನ ಕೈಲೂ ಇರುತ್ತೆ. ಅದನ್ನ ಕಿತ್ಕೊಂಡಿದ್ರಿಂದಲೇ ನಿನಗೆ ಸಿಗ್ಲಿಲ್ಲ."

"ನಿನ್ನೆ ಯಾಕೆ ಓಡಿಬಂದೆ?"

ತಲೆ ತಗ್ಗಿಸಿದ. "ಆಬಾನ ಕೇಳಿದೆ. ಮಧುಕರರಾವ್‌ನ ಕೊಂದೋರು ನಮ್ಮವರಾ ಅಂತ. ಇಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಕಣೇ. 'ಊಟ ಆಯ್ತಾ ನಿಂದು?' ಅಂದ್ರು." ಜರಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. "ಯಾರು ಕಡಿದ್ರು ಅಂತ ನನಗೆ ಗೊತ್ತಿಲ್ಲ. ಆದರೆ ಅವರು ಉತ್ತರ ಕೊಡ್ಲಿಲ್ಲ ಅನ್ನೋದನ್ನ ಕೋರ್ಟಲ್ಲೂ ಹೇಳ್ತೀನಿ, ನೀನು ಮದುವೆ ಆದ್ರೂ, ಆಗದಿದ್ರೂ."

"ನಾನೂ ಇವತ್ತು ಅದನ್ನೇ ಕೇಳಿದೆ," ಅಂದೆ. ಒಂದೇ ಪ್ರಶ್ನೆಯನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಅದೇ ಮನುಷ್ಯನಿಗೆ ಕೇಳಿದ್ದೆವು. ಇವನಿಗಿಂತ ಹತ್ತಿರದವರು ನನಗೆ ಇನ್ಯಾರಿದ್ದಾರೆ ಅನ್ನಿಸಿತು.

"ನಿನ್ನ ಕಂಡ್ರೆ ನನಗೆ ಪ್ರಾಣ," ಅಂದ. "ಮನೆ ಇಲ್ಲ, ಕಾರಿಲ್ಲ, ನಾಳೆ ಇದೆಯೋ ಇಲ್ವೋ ಅದೂ ಗೊತ್ತಿಲ್ಲ. ಮದುವೆ ಆಗ್ತೀಯಾ?"

ಬಾಗಿಲು ಬಡಿಯಿತು. ಬಂಡೂಮಾಮಾ. "ಬೇಗ! ಮೆರವಣಿಗೆ ವಾಪಸ್ ಹೊರಟಿದೆಯಂತೆ. ಆಯಿ ಗಾಡೀಲಿ ಕಾಯ್ತಿದ್ದಾಳೆ, ನಿಮ್ಮನ್ನ ಮಿರಜ್ ರೈಲ್ವೆ ಸ್ಟೇಷನ್‌ಗೆ ಬಿಡ್ತೀನಿ."

ಮತ್ತೆ ಅದೇ ಹಳೇ ಭಯ ಎದ್ದಿತು. ಅದು ಇವತ್ತಿಗೆ ಹೋಗುವಂಥದ್ದಲ್ಲ, ಬಹುಶಃ ಎಂದಿಗೂ.

"ಒಂದು ಷರತ್ತು," ಅಂದೆ. "ಮದುವೆ ಆದ್ಮೇಲೂ ನನ್ನ ಹೆಸರಿನ ನಡುವೆ ಅಪ್ಪನೇ ಇರ್ತಾರೆ. ಅಲ್ಲಿ ನಿನಗೆ ಜಾಗ ಇಲ್ಲ."

"ನಡುವೆ ನನಗೆ ಬೇಡ. ಪಕ್ಕದಲ್ಲಿ ಕೊಡ್ತೀಯಾ?"

"ಕೊಟ್ಟೆ," ಅಂದು ಕೈ ಚಾಚಿದೆ. ಅವನು ಹಿಡಿದುಕೊಂಡ. ಆ ಭಯವನ್ನೂ ಜೊತೆಗೇ ಕರೆದುಕೊಂಡು ಇಬ್ಬರೂ ಓಣಿಗೆ ಇಳಿದೆವು.